ಮಾವನ ಮೊದಲನೇ ಅಚ್ಚು

ನಮ್ಮ ಸೋದರಮಾವನಿಗೆ ಸಂಗೀತದ ಗಂಧವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಮನೆ ತುಂಬ ಗ್ರಾಮಫೋನ್ ರೆಕಾರ್ಡು ಪೇರಿಸಿಟ್ಟುಕೊಂಡಿರುವ ಈ ಮಹಾನುಭಾವರು ಒಂದು ಹಾಡನ್ನಾದರೂ ಪೂರ್ತಿ ಕೇಳಿದ್ದನ್ನು ನಾನು ಕಂಡಿಲ್ಲ! ಮುಳ್ಳು ಇಡುತ್ತಾರೆ, ಕಣ್ಣು ಮುಚ್ಚುತ್ತಾರೆ, ಎರಡು ಸಾಲು ಆಗುವಷ್ಟರಲ್ಲಿ "ಥೂ, ಇದಲ್ಲ" ಎಂದು ಮುಳ್ಳು ಎತ್ತಿಬಿಡುತ್ತಾರೆ. ಅವರ ಬೀರುವಿನಲ್ಲಿ ಒಂದೇ ದೇವರನಾಮದ ರೆಕಾರ್ಡುಗಳು ಒಂದು ಡಜನ್ ಇವೆ. ಅದೇ ಗಾಯಕಿ, ಅದೇ ಹಾಡು, ಹೊದಿಕೆಯ ಮೇಲೆ ಅದೇ ತಂಬೂರಿಯ ಚಿತ್ರ. ಅಷ್ಟೂ "ಇದಲ್ಲ"ಗಳೇ.

ಹಾಗಾದರೆ ಯಾವುದು? ಕೇಳಿದಿರೋ, ಕೆಟ್ಟಿರಿ! ಮಾವ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಪಾಠ ಶುರುವಾಯಿತೆಂದರೆ ಬೆಲ್ ಹೊಡೆಯುವವರು ಯಾರೂ ಇಲ್ಲ. ಪುಸ್ತಕಕ್ಕೆ ಮೊದಲ ಮುದ್ರಣ, ಎರಡನೇ ಮುದ್ರಣ ಇದ್ದಂತೆ ರೆಕಾರ್ಡಿಗೂ ಅಚ್ಚುಗಳಿವೆಯಂತೆ. ಹಾಡನ್ನು ಮೊದಲು ಅಚ್ಚಿಗೆ ಇಳಿಸುವ ಕೆಲಸಕ್ಕೆ ಮಾಸ್ಟರಿಂಗ್ ಅನ್ನುತ್ತಾರಂತೆ. ಅದನ್ನು ಮಾಡಿದವನ ಕೈ ಚೆನ್ನಾಗಿದ್ದರೆ ಹಾಡು ಜೀವಂತ, ಇಲ್ಲದಿದ್ದರೆ ಹೆಣ.

"ಒಂದೇ ರಾಗಿ ಹಿಟ್ಟು ಕಣೋ. ಆದ್ರೆ ನಿಮ್ಮತ್ತೆ ತಿರುವಿದ ಮುದ್ದೇನೂ ನಾನು ತಿರುವಿದ ಮುದ್ದೇನೂ ಒಂದೇನಾ?"

"ನೀವ್ಯಾವತ್ತು ತಿರುವಿದ್ರಿ?" ಎಂದು ಒಳಗಿನಿಂದ ಅತ್ತೆಯ ದನಿ.

ಮಾವ ಮದುವೆಗೆ ಮುಂಚೆ ಚಿಂತಾಮಣಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದಾಗ ಮನೆಯ ಮಾಲೀಕರು ದಿನಾ ಬೆಳಿಗ್ಗೆ ಈ ದೇವರನಾಮ ಹಾಕುತ್ತಿದ್ದರಂತೆ. ಅದರಲ್ಲಿ ಪ್ರತಿ ಸಾಲಿಗೂ ಮುಂಚೆ ಆ ಗಾಯಕಿ ಮೆಲ್ಲಗೆ ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತಂತೆ. ಆಕೆ ಪಕ್ಕದ ಚಾಪೆಯ ಮೇಲೆ ಕೂತು ಹಾಡಿದ ಹಾಗೆ! ಆಮೇಲೆ ಮಾಲೀಕರೂ ಇಲ್ಲ, ರೆಕಾರ್ಡೂ ಇಲ್ಲ. ಆಮೇಲಿನ ಅಚ್ಚುಗಳಲ್ಲಿ ಉಸಿರೇ ಇಲ್ಲ. "ಫೋನಲ್ಲೇ ಇದೆಯಲ್ಲ ಮಾವ" ಎಂದು ನಾನೊಮ್ಮೆ ಆ ಹಾಡು ಹಾಕಿ ತೋರಿಸಿದೆ. ಎಂಜಲು ತಟ್ಟೆ ಮುಂದಿಟ್ಟವನನ್ನು ನೋಡುವಂತೆ ನನ್ನನ್ನು ನೋಡಿದರು. "ಇದ್ರಲ್ಲಿ ಉಸಿರು ಒರೆಸಿ ಹಾಕಿದ್ದಾರೆ ಕಣಪ್ಪಾ. ಉಸಿರೇ ಇಲ್ದೆ ಹಾಡೋರು ಮನುಷ್ಯರಾ?"

ಅಚ್ಚನ್ನು ಗುರುತಿಸುವ ಉಪಾಯವೂ ಇದೆ. ಹಾಡಿನ ಗೆರೆಗಳು ಮುಗಿದ ಮೇಲೆ ಲೇಬಲ್ಲಿನ ಸುತ್ತ ಒಂದು ಖಾಲಿ ಉಂಗುರ ಇರುತ್ತದಲ್ಲ, ಅಲ್ಲಿ ಕೆಲವು ಅಕ್ಷರ, ಅಂಕಿ ಗೀಚಿರುತ್ತಾರೆ. ಅದನ್ನು ಓದಲು ಮಾವನ ಜೇಬಿನಲ್ಲಿ ಸದಾ ಒಂದು ಟಾರ್ಚು, ಒಂದು ಭೂತಗನ್ನಡಿ. ಚಿಂತಾಮಣಿಗೆ ನನಗೆ ಹೆಣ್ಣು ನೋಡಲು ಹೋದಾಗಲೂ ಇದ್ದವು! ಉಪ್ಪಿಟ್ಟು ಬಂತು, ಕಾಫಿ ಬಂತು, ಹುಡುಗಿಯೂ ಬಂದಳು. ಮಾವ ಮಾತ್ರ ಇಲ್ಲ. ಹುಡುಕಿದರೆ ಟೀವಿ ಸ್ಟ್ಯಾಂಡಿನ ಕೆಳಗಿನ ಖಾನೆಗೆ ಅರ್ಧ ಮೈ ತೂರಿಸಿಕೊಂಡು, ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು ಮಲಗಿದ್ದರು. ಹುಡುಗಿಯ ತಂದೆ ಗಾಬರಿಯಾಗಿ "ಏನಾದ್ರೂ ಬಿತ್ತಾ ಸಾರ್?" ಎಂದರೆ, "ಶ್... ಲೈಟಿಗೆ ಅಡ್ಡ ನಿಲ್ಬೇಡಿ" ಎಂದರು. ಹೊರಡುವಾಗ ಅವರ ಕಂಕುಳಲ್ಲಿ ಒಂದು ರೆಕಾರ್ಡು. ಆ ಕಡೆಯವರು ಒಪ್ಪಿದರೋ ಇಲ್ಲವೋ ಎಂದು ಕೇಳುವುದನ್ನೇ ಮರೆತು ಬಂದಿದ್ದರು!

"ಹೆಣ್ಣು ನೋಡ್ಕೊಂಡು ಬನ್ನಿ ಅಂದ್ರೆ ತಟ್ಟೆ ನೋಡ್ಕೊಂಡು ಬಂದಿದ್ದೀರಲ್ಲ!" ಎಂದು ಅತ್ತೆ ತಲೆ ಚಚ್ಚಿಕೊಂಡರು. ಆ ಹುಡುಗಿಯೇ ಈಗ ನನ್ನ ಹೆಂಡತಿ. ರೆಕಾರ್ಡು ಮಾತ್ರ ಮಾವನಿಗೆ ಒಪ್ಪಿಗೆಯಾಗಲಿಲ್ಲ.

ಅತ್ತೆಯ ಬಗ್ಗೆ ಹೇಳಬೇಕು. ಜಂಗಮಕೋಟೆಯ ಮನೆ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ ಎಲ್ಲ ಅವರದೇ ಕಾರುಬಾರು. ಹಳೆಯ ರೆಕಾರ್ಡಿನ ಚರಚರ ಸದ್ದು ಕೇಳಿದಾಗಲೆಲ್ಲ "ಹುಳ ಸೊಪ್ಪು ಮೇಯ್ದಂಗಿದೆ, ನಿಲ್ಸಿ ಅದನ್ನ" ಎನ್ನುವುದು ಅವರ ವಿಮರ್ಶೆ. ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ಚಂದ್ರಿಕೆ ನೋಡಿದ್ದೀರಲ್ಲ? ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ನಿಂತಿರುತ್ತದೆ. ರೆಕಾರ್ಡು ತೊಳೆದು ಒಣಗಿಸಲು ಇದಕ್ಕಿಂತ ಒಳ್ಳೆಯ ಸ್ಟ್ಯಾಂಡು ಲೋಕದಲ್ಲೇ ಇಲ್ಲ ಎಂದು ಮಾವ ಕಂಡುಹಿಡಿದುಬಿಟ್ಟರು! ಒಂದು ದಿನ ಅಂಗಳದ ನೆರಳಿನಲ್ಲಿ ಚಂದ್ರಿಕೆ ತುಂಬ ರೆಕಾರ್ಡುಗಳು. ಚಂದ್ರಿಕೆ ಬಾಡಿಗೆಗೆ ಕೇಳಲು ಬಂದ ಪಕ್ಕದೂರಿನ ರೈತರೊಬ್ಬರು ಬಾಗಿಲಲ್ಲೇ ನಿಂತುಬಿಟ್ಟರು.

"ಇದ್ಯಾವ ತಳಿ ಸಾರ್? ಗೂಡು ಕರ್ರಗಿದೆ!"

"ಇದು ಹಾಡೋ ತಳಿ" ಎಂದರು ಮಾವ, ಹೆಮ್ಮೆಯಿಂದ. ಅಷ್ಟರಲ್ಲಿ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳಗಳ ಬುಟ್ಟಿ ಹಿಡಿದು ಅತ್ತೆ ಹೊರಗೆ ಬಂದರು. ಮುಂದೆ ನಡೆದದ್ದನ್ನು ನಾನು ಬರೆಯುವುದಿಲ್ಲ. ಹುಳಗಳು ಚಂದ್ರಿಕೆ ಸೇರಿದವು, ರೆಕಾರ್ಡುಗಳು ಬಟ್ಟೆ ಒಣಹಾಕುವ ಹಗ್ಗ ಸೇರಿದವು.

ಇತ್ತೀಚೆಗೆ ಅತ್ತೆಗೆ ಒಂದು ಅನುಮಾನ ಶುರುವಾಯಿತು. ಕುಕ್ಕರ್ ಕೂಗಿದರೂ ಮಾವ ಏಳುವುದಿಲ್ಲ. ಕರೆದರೆ ಓಗೊಡುವುದಿಲ್ಲ. "ಕೇಳಿಸ್ತದೆ, ಉತ್ತರ ಕೊಡ್ತಿಲ್ಲ ಅಷ್ಟೆ" ಎಂದು ಮಾವನ ಸಮಜಾಯಿಷಿ. ಕೊನೆಗೆ ನಾನೇ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ ಕಿವಿ ಡಾಕ್ಟರ ಮುಂದೆ ಕೂರಿಸಿದೆ. ಗಾಜಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿಸಿದಾಗ ಒತ್ತಿ ಎಂದರು. ಮಾವ ಸ್ವಲ್ಪ ಹೊತ್ತು ಒತ್ತಿದರು. ಆಮೇಲೆ ಸುಮ್ಮನೆ ಕೂತರು. ಆಮೇಲೆ ಹೆಡ್‌ಫೋನ್ ಕಿತ್ತಿಟ್ಟು ಎದ್ದೇ ಬಂದರು!

"ಡಾಕ್ಟ್ರಮ್ಮಾ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಮಿಷನ್ ಕಳಪೆ. ಮೇಲಿನ ಸ್ವರಗಳೇ ಬರ್ತಿಲ್ಲ. ಮಾಸ್ಟರಿಂಗೇ ಸರಿಯಿಲ್ಲ!"

ಡಾಕ್ಟರಮ್ಮ ನಗಲಿಲ್ಲ. "ಮೇಲಿನ ಸ್ವರ ಬರ್ತಿದೆ ಸಾರ್. ನಿಮಗೆ ಕೇಳಿಸ್ತಿಲ್ಲ" ಎಂದರು. ಮೊದಲು ಹೋಗುವುದು ಸಣ್ಣ ಸದ್ದುಗಳೇ, ಇನ್ನೂ ಹೋಗಬಹುದು, ಕಿವಿಗೆ ಮಿಷನ್ ಹಾಕಿಕೊಂಡರೆ ಅನುಕೂಲ ಎಂದೂ ಹೇಳಿದರು.

"ಕಿವೀಲಿ ಬೇರೆಯೋರ ಮಾಸ್ಟರಿಂಗ್ ಇಟ್ಕೊಂಡು ತಿರುಗ್ಲಾ? ಆಗಲ್ಲ" ಎಂದು ಮಾವ ಎದ್ದರು. ದಾರಿಯಲ್ಲಿ ಬೈಕಿನ ಹಿಂದಿನಿಂದ ನನ್ನ ಭುಜ ತಟ್ಟಿ, "ಬೇಗ ಹುಡುಕ್ಬೇಕು ಕಣೋ" ಎಂದರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ದಂಡಯಾತ್ರೆ! ಶಿಡ್ಲಘಟ್ಟದ ಗುಜರಿ ಅಂಗಡಿ, ಮಂಡಿಕಲ್ಲಿನ ಹಳೆಯ ಮನೆಯ ಅಟ್ಟ, ಯಾವುದನ್ನೂ ಬಿಡಲಿಲ್ಲ. ಎಲ್ಲೆಲ್ಲೂ "ಇದಲ್ಲ". ಕೊನೆಗೆ ಗೌರಿಬಿದನೂರಿನಲ್ಲಿ ಮದುವೆಗೆ ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಯೊಂದರ ಸುಳಿವು ಸಿಕ್ಕಿತು. ಮೈಕ್ ಸೆಟ್ಟಿನವರ ರೆಕಾರ್ಡು ಸವೆದು ಚಿಂದಿಯಾಗಿರುತ್ತದೆ ಎಂದು ಮಾವ ದಾರಿಯುದ್ದಕ್ಕೂ ಗೊಣಗುತ್ತಲೇ ಬಂದರು. ಅಂಗಡಿಯವರು ಪೆಟ್ಟಿಗೆಯ ತಳದಿಂದ ಒಂದನ್ನು ತೆಗೆದು, "ಚೂಡಂಡಿ, ನೋಡಿ ಸಾರ್, ಇದು ಹಾಕಿದ್ರೆ ಜನ ತೂಕಡಿಸ್ತಾರೆ ಅಂತ ನಮ್ಮಪ್ಪ ಮುಟ್ತಾನೇ ಇರ್ಲಿಲ್ಲ" ಎಂದರು. ತಂಬೂರಿಯ ಚಿತ್ರ! ಒಳಗಿನ ತಟ್ಟೆ ಫಳಫಳ!

ಮಾವ ಟಾರ್ಚು ತೆಗೆದರು. ಭೂತಗನ್ನಡಿ ಹಿಡಿದು ಉಂಗುರದ ಸುತ್ತ ಒಂದು ಸುತ್ತು ಓದಿದರು, ಇನ್ನೊಂದು ಸುತ್ತು ಓದಿದರು. "ಮೊದಲ್ನೇ ಅಚ್ಚು ಕಣೋ!" ಎಂದು ಕೂಗಿದ ರಭಸಕ್ಕೆ ಶಾಮಿಯಾನ ಮಡಚುತ್ತಿದ್ದವರೆಲ್ಲ ತಿರುಗಿ ನೋಡಿದರು. ಮನೆಯವರೆಗೂ ಅದನ್ನು ಎದೆಗೆ ಅಪ್ಪಿಕೊಂಡು ಕೂತರು. ರಸ್ತೆಯ ಪ್ರತಿ ಉಬ್ಬಿಗೂ "ಮೆಲ್ಲಗೆ! ಬಾಣಂತಿ ಕರ್ಕೊಂಡು ಹೋಗ್ತಿದ್ದೀಯ ಅನ್ಕೋ!" ಎಂದು ಬೈಗುಳ.

ಮನೆಗೆ ಬಂದವರೇ ಫ್ಯಾನು ನಿಲ್ಲಿಸಿದರು, ಕಿಟಕಿ ಹಾಕಿದರು, ರೆಕಾರ್ಡು ಒರೆಸಿದರು. ಸೊಪ್ಪು ಹೆಚ್ಚುತ್ತಿದ್ದ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಮಾವ ಮುಳ್ಳು ಇಟ್ಟರು.

ಮೊದಲ ಸಾಲಿಗೆ ಮುಂಚೆ ಬಂತು ನೋಡಿ, ಆ ಉಸಿರು! ಸಣ್ಣಗೆ, ಹತ್ತಿರದಲ್ಲಿ, ಈ ಕೋಣೆಯಲ್ಲೇ ಯಾರೋ ಇದ್ದ ಹಾಗೆ. ನನಗೆ ಮೈ ಜುಮ್ಮೆಂದಿತು. ಹಿಗ್ಗಿನಿಂದ ಮಾವನ ಕಡೆ ತಿರುಗಿದೆ. ಅವರು ಕಣ್ಣು ಬಿಟ್ಟುಕೊಂಡು ಸ್ಪೀಕರ್ ಪೆಟ್ಟಿಗೆಗೆ ಕಿವಿ ಆನಿಸಿ ಇನ್ನೂ ಕಾಯುತ್ತಿದ್ದರು. ಎರಡನೆಯ ಸಾಲೂ ಆಯಿತು.

"ಬಂತೇನೋ?" ಎಂದರು.

ಹೌದೆಂದು ತಲೆಯಾಡಿಸಿದೆ. ಅವರ ಮುಖ ನೋಡಲಾಗಲಿಲ್ಲ.

ಆಗ ಅತ್ತೆ ಬಂದು ಅವರ ಪಕ್ಕ ಚಾಪೆಯ ಮೇಲೆ ಕೂತರು. ಅವರ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಗಾಯಕಿ ಉಸಿರು ಎಳೆದುಕೊಂಡಾಗಲೆಲ್ಲ ಅವರ ಅಂಗೈಯನ್ನು ಮೆಲ್ಲಗೆ ಒತ್ತಿದರು. ಒಂದು ಸಾಲು, ಒಂದು ಒತ್ತು. ಮಾವ ಮೊದಲು ಅತ್ತೆಯನ್ನು ನೋಡಿದರು, ಆಮೇಲೆ ಅರ್ಥವಾಗಿ ಕಣ್ಣು ಮುಚ್ಚಿದರು. ಹಾಡು ಕೊನೆಯವರೆಗೂ ಓಡಿತು. ಯಾರೂ ಮುಳ್ಳು ಎತ್ತಲಿಲ್ಲ.

"ಇನ್ನೊಂದ್ಸಲ ಹಾಕೋ" ಎಂದರು ಮಾವ, ಕಣ್ಣು ಒರೆಸಿಕೊಳ್ಳುತ್ತ. "ಎಲ್ಲೆಲ್ಲಿ ಬರ್ತದೆ ಅಂತ ಬಾಯಿಪಾಠ ಮಾಡ್ಕೊಂಡ್ಬಿಡ್ತೀನಿ."

ಅತ್ತೆ ಕೈ ಬಿಡಲಿಲ್ಲ. "ಬಾಯಿಪಾಠ ಯಾಕೆ? ನಾನಿಲ್ವಾ?" ಎಂದರು.