ಅರ್ಥಕೋಶದವರು ಮಗುವನ್ನು ಕರೆತಂದದ್ದು

"ಅಣ್ಣಾ, ಇವತ್ತೊಂದಿನ ಪುಟ್ಟನ್ನ ಶಿಶುವಿಹಾರದಿಂದ ಕರ್ಕೊಂಡ್ಬಾ. ದಾರೀಲಿ ಯಾರಿಗೂ ಪಾಠ ಮಾಡ್ಬೇಡ, ನಿನ್ನ ದಮ್ಮಯ್ಯ!"

ಅಚ್ಚಿನ ಮನೆಯಲ್ಲಿ ಕರಡು ತಿದ್ದುವ ಈ ಅಣ್ಣನಿಗೆ ಬೀದಿಯವರು ಇಟ್ಟ ಹೆಸರು ಅರ್ಥಕೋಶ. ಇದೊಂದು ಕೆಲಸವನ್ನಾದರೂ ನೆಟ್ಟಗೆ ಮಾಡಿ ತಂಗಿಯ ಬಾಯಲ್ಲಿ ಭೇಷ್ ಅನ್ನಿಸಿಕೊಳ್ಳಬೇಕೆಂದು ಹೊರಟರು.

ಅಂದು ಶಿಶುವಿಹಾರದಲ್ಲಿ ವೇಷದ ದಿನ. ಮಕ್ಕಳ ಮುಖಕ್ಕೆಲ್ಲ ಹುಲಿಪಟ್ಟೆ. ಗೇಟಿನಲ್ಲಿದ್ದ ಆಯಾಗೆ 'ಆಯಾ' ಪದ ಪೋರ್ಚುಗೀಸರಿಂದ ಬಂದ ಬಗೆಯನ್ನು ತಿಳಿಸಿ, ಹುಲಿಮರಿಯ ಕೈ ಹಿಡಿದು ನಡೆದರು. ಹಣ್ಣಿನಂಗಡಿ ಬರುತ್ತಲೇ ಹುಲಿ ನೆಲಕ್ಕೆ ಬಿದ್ದು ಹೊರಳಾಡಿತು.

"ಇವ್ರು ನಮ್ಮ ಮಾವ ಅಲ್ಲಾ!"

ಆಟೋದವನು ಹಾರಿಬಂದು ಕಾಲರ್ ಹಿಡಿದ. "ಕಿಡ್ನ್ಯಾಪ್ ಕಣ್ರೋ! ಪೊಲೀಸ್‌ಗೆ ಫೋನ್ ಮಾಡಿ!"

ಬೇರೆಯವರಾಗಿದ್ದರೆ ಜೀವ ಬಾಯಿಗೆ ಬರುತ್ತಿತ್ತು. ಅರ್ಥಕೋಶದವರ ಮುಖ ಅರಳಿತು.

"ಎಂಥ ಪದ ಹೇಳಿದ್ರಿ! ಅದು ಹುಟ್ಟಿದ್ದು ಹೇಗೆ ಗೊತ್ತಾ?"

"ಹೇಗೆ?" ಬಾಯಿತಪ್ಪಿ ಕೇಳಿಬಿಟ್ಟ ಆಟೋದವನು.

"ಕಿಡ್ ಅಂದ್ರೆ ಮೊದ್ಲು ಆಡಿನ ಮರಿ, ಆಮೇಲೆ ಮಗು. ನ್ಯಾಪ್ ಅಂದ್ರೆ ಇಲ್ಲಿ ನಿದ್ದೆ ಅಲ್ಲ ಸ್ವಾಮಿ, ಕಳ್ಳರ ಮಾತಲ್ಲಿ ಗಬಕ್ಕಂತ ಹಿಡಿಯೋದು. ಮುನ್ನೂರು ವರ್ಷಕ್ಕೂ ಹಿಂದೆ ಬಡವರ ಮಕ್ಕಳನ್ನ ಬೀದೀಲಿ ಹಿಡ್ದು, ಹಡಗಿಗೆ ತುಂಬಿ, ಸಮುದ್ರದಾಚೆ ತೋಟದ ಕೂಲಿಗೆ ಮಾರ್ತಿದ್ರು. ಎಷ್ಟು ತಾಯಂದ್ರ ಕಣ್ಣೀರಿದೆಯೋ ಆ ಪದದೊಳಗೆ!"

ಕಾಲರ್ ಹಿಡಿದ ಕೈ ತಾನಾಗಿ ಸಡಿಲಿ, ಅದರ ಸುಕ್ಕು ನೇವರಿಸಿತು. ಹಣ್ಣಿನಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇಂಥ ತಿಳಿದೋರ ಮೇಲೆ ಕೈ ಮಾಡ್ತೀಯಲ್ಲೋ, ಮುಠ್ಠಾಳ!"

"ತಪ್ಪಾಯ್ತು ಸಾರ್. ಮತ್ತೆ ಮಗು ಯಾಕೆ ಹಂಗಂತು?"

"ಬೆಳಗ್ಗೆ ಚಾಕೊಲೇಟ್ ಕೊಡಿಸ್ಲಿಲ್ಲ, ಅದರ ಸಿಟ್ಟು."

"ಅಷ್ಟೇನಾ! ನನ್ ಮಗ ಸಿಟ್ಟು ಬಂದ್ರೆ ನನ್ನನ್ನೇ ಅಂಕಲ್ ಅಂತಾನೆ."

ಹುಲಿಯ ಕೈಗೆ ಬಾಳೆಹಣ್ಣು ಬಂತು, ಅಳು ನಿಂತಿತು. ಆಟೋದವನು ಬಾಡಿಗೆ ಬೇಡವೆಂದು ಇಬ್ಬರನ್ನೂ ಕೂರಿಸಿಕೊಂಡ. ಹಣ್ಣಿನಾಕೆಯೂ ಅಂಗಡಿಯನ್ನು ಪಕ್ಕದವರಿಗೊಪ್ಪಿಸಿ ಹತ್ತಿದಳು. ನೆರೆದಿದ್ದ ಉಳಿದವರು "ದರೋಡೆ ಅನ್ನೋ ಪದದ ಹುಟ್ಟೂ ಹೇಳಿ ಸಾರ್!" ಎನ್ನುತ್ತ ಸೈಕಲ್ಲಿನಲ್ಲಿ ಹಿಂಬಾಲಿಸಿದರು. ಮದುವೆ ದಿಬ್ಬಣವೂ ಅಷ್ಟು ಗೌರವದಿಂದ ಹೋಗುವುದಿಲ್ಲ.

ಬಾಗಿಲು ತೆರೆದ ತಂಗಿಯ ಹಿಂದೆ, ಬಿಸ್ಕತ್ತು ಮೆಲ್ಲುತ್ತ ಇನ್ನೊಂದು ಹುಲಿ ನಿಂತಿತ್ತು.

"ನೀನು ಗೇಟಲ್ಲಿ ಆಯಾಗೆ ಪಾಠಕ್ಕೆ ನಿಂತಿದ್ದು ನೋಡಿ ಪಕ್ಕದ ಮನೆ ಅತ್ತಿಗೆನೇ ಪುಟ್ಟನ್ನ ಕರ್ಕೊಂಬಂದ್ರು." ತಂಗಿ ಅಣ್ಣನ ಕೈ ಹಿಡಿದಿದ್ದ ಹುಲಿಯತ್ತ ಬಗ್ಗಿ ನೋಡಿದಳು. "ಅಣ್ಣಾ... ಇದ್ಯಾರ ಮಗುನೋ?"

ಅರ್ಥಕೋಶದವರು ಒಂದು ಹುಲಿಯಿಂದ ಇನ್ನೊಂದು ಹುಲಿಗೆ ಕಣ್ಣು ಹೊರಳಿಸಿದರು. ಹಿಂದಿದ್ದ ಹಣ್ಣಿನಾಕೆ ಮಾತ್ರ ಭಕ್ತಿಯಿಂದ ಕೈ ಮುಗಿದಳು:

"ಮೇಷ್ಟ್ರು ಅಂದ್ರೆ ಹಿಂಗಿರ್ಬೇಕು ಕಣ್ರಪ್ಪಾ! ಬರೀ ಬಾಯಲ್ಲಿ ಹೇಳೋದಲ್ಲ, ಮಾಡಿಯೂ ತೋರಿಸ್ಬಿಟ್ರು!"