ಅಂಗಿ ಗುಂಡಿಯಷ್ಟು ಚಂದ್ರ

ಅನುಮಾನ ನನ್ನ ಹುಟ್ಟುಗುಣ. ಸವದತ್ತಿ ಬಸ್ಸು ಹತ್ತುವಾಗ ಬೋರ್ಡು ಓದಿ, ಕಂಡಕ್ಟರನನ್ನು ಕೇಳಿ, ಕುಳಿತ ಮೇಲೆ ಪಕ್ಕದವರನ್ನೂ ಕೇಳುತ್ತೇನೆ. ಆಮೇಲೆ ಇಬ್ಬರೂ ಒಳಗೊಳಗೆ ಸೇರಿಕೊಂಡಿದ್ದಾರೇನೋ ಎಂದು ಮುಂದಿನ ಊರು ಬರುವತನಕ ಕಿಟಕಿಗೆ ಕಣ್ಣಿಟ್ಟಿರುತ್ತೇನೆ. ಇಂಥವನು ಬೈಲಹೊಂಗಲದಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ದೂರದರ್ಶಕ ಮಾಡುವ ಹುಕಿ ಬಂತು. ಚಂದ್ರ ಎಷ್ಟು ದೊಡ್ಡವನೆಂದು ನಮ್ಮ ಕಡೆ ಯಾರನ್ನು ಕೇಳಿದರೂ 'ರೊಟ್ಟಿಯಷ್ಟು' ಎನ್ನುತ್ತಾರೆ. ಆ ರೊಟ್ಟಿಯನ್ನು ಎಷ್ಟು ದೂರ ಹಿಡಿಯಬೇಕೆಂದು ಯಾರೂ ಹೇಳುವುದಿಲ್ಲ. ನಾನೂ ವಿಚಾರ ಮಾಡದೆ, ಹಾಳೆಯ ಮೇಲೆ ರೊಟ್ಟಿಯಷ್ಟು ಚಂದ್ರನನ್ನು ಇಳಿಸುತ್ತೇನೆಂದು ಒಂಬತ್ತನೆಯ ತರಗತಿಗೆ ಮಾತು ಕೊಟ್ಟೆ. ಪೇಟೆಯ ಚಸ್ಮಾ ಅಂಗಡಿಯ ಈರಪ್ಪನವರು ಒಂದು ನಂಬರಿನ, ಅಂದರೆ ಒಂದು ಮೀಟರ್ ದೂರದಲ್ಲಿ ಚಿತ್ರ ಮೂಡಿಸುವ, ಗಾಜು ಕೊಟ್ಟರು. ಅದನ್ನು ಪೈಪಿಗೆ ಕೂಡಿಸಿ, ಒಂದು ಮೀಟರ್ ಹಿಂದೆ ಬಟರ್ ಪೇಪರ್ ಹಿಡಿದರೆ ಸಂಜೆಯ ಚಂದ್ರ ಅಂಗಿ ಗುಂಡಿಯಷ್ಟು ಬಂದ. ಹುಡುಗರು ಕಿಸಕ್ಕನೆ ನಕ್ಕರು. ಗಾಜು ಸಣ್ಣದೆಂದು ಅಗಲದ್ದನ್ನು ತಂದೆ. ಬೆಳಕು ಹೆಚ್ಚಿತು, ಚಂದ್ರ ಮಾತ್ರ ಗುಂಡಿಯಷ್ಟೇ ಉಳಿದ. ಅಂಗಡಿಗೆ ಹೋಗಿ ಜಗಳ ತೆಗೆದೆ.

"ಮಾಸ್ತರ್ರ, ಅಗಲ ಆದ್ರ ಬೆಳಕು ಬರತೈತ್ರಿ, ಚಿತ್ರ ದೊಡ್ಡದಾಗೂದಿಲ್ಲ. ಅರ್ಧ ನಂಬರಿಂದು ಒಯ್ರಿ, ಪೈಪು ಎರಡರಷ್ಟು ಉದ್ದ ಮಾಡ್ರಿ. ಚಂದ್ರ ಎರಡರಷ್ಟು ಆಗ್ತಾನ" ಎಂದರು ಈರಪ್ಪನವರು.

ಅರ್ಧ ಕೊಟ್ಟು ಎರಡರಷ್ಟು ಆಗುತ್ತದೆ ಎನ್ನುವವರನ್ನು ನಾನು ನಂಬುವುದುಂಟೇ? ಮರುದಿನ ತರಗತಿಯಲ್ಲಿ, "ಅವರ ಗಾಜು ನಂಬಬ್ಯಾಡ್ರಿ" ಎಂದುಬಿಟ್ಟೆ. ತಿಂಗಳೊಳಗೆ ಹುಡುಗರ ಮನೆಯವರು ಚಸ್ಮಾಕ್ಕೆ ಧಾರವಾಡದ ಬಸ್ಸು ಹತ್ತತೊಡಗಿದರು. ಈರಪ್ಪನವರು ಖಾಲಿ ಅಂಗಡಿಯಲ್ಲಿ ಒರೆಸಿದ ಗಾಜನ್ನೇ ಒರೆಸುತ್ತ ಕೂತಿರುತ್ತಿದ್ದರು.

ನನ್ನ ಗೊಣಗಾಟ ತಾಳಲಾರದೆ, ಹೊಲಿಗೆ ಮಾಡುವ ನನ್ನ ಹೆಂಡತಿ ಒಂದು ಸಂಜೆ ಬಟ್ಟೆ ಅಳೆಯುವ ಮೀಟರ್ ಪಟ್ಟಿಯ ತುದಿಗೆ ಗುಂಡಿ ಅಂಟಿಸಿ, ಇನ್ನೊಂದು ತುದಿಯನ್ನು ನನ್ನ ಕಣ್ಣಿನ ಹತ್ತಿರ ಹಿಡಿದಳು. "ಈಗ ಚಂದ್ರನ್ನ ನೋಡ್ರಿ."

ಗುಂಡಿ ಅವನನ್ನು ಸರಿಯಾಗಿ ಮುಚ್ಚಿತು.

"ಎರಡು ಮೀಟರ್ ದೂರ ಇಟ್ರ ಎರಡರಷ್ಟು ದೊಡ್ಡ ಗುಂಡಿ ಬೇಕಲ್ರಿ? ನಿಮ್ಮ ಪೈಪಿಗೂ ಅದ ಲೆಕ್ಕ. ರೊಟ್ಟಿಯಷ್ಟು ಬೇಕಂದ್ರ ಪೈಪು ಓಣಿ ದಾಟಬೇಕು."

ಆಕಾಶದಲ್ಲಿ ಚಂದ್ರ ಹಿಡಿಯುವ ಕೋನ ಬರೀ ಅರ್ಧ ಡಿಗ್ರಿ. ಗಾಜಿನಿಂದ ಚಿತ್ರ ಎಷ್ಟು ದೂರ ಮೂಡುತ್ತದೋ ಅಷ್ಟು ದೊಡ್ಡದಾಗುತ್ತದೆ. ಹನ್ನೊಂದು ವರ್ಷ ಇದನ್ನೇ ಪಾಠ ಮಾಡಿದ್ದೆ! ನಾಚಿಕೆಯಾಯಿತು.

ಈರಪ್ಪನವರ ಅಂಗಡಿಗೆ ಹೋಗಿ ತಪ್ಪಾಯಿತೆಂದೆ. "ನನಗ ಹೇಳಿದ್ರ ಏನಾತ್ರಿ? ಹುಡುಗರಿಗೆ ಹೇಳ್ರಿ" ಎಂದರು. ಪ್ರಾಯಶ್ಚಿತ್ತಕ್ಕೆಂದು ಅವರಲ್ಲೇ ಹೊಸ ಚಸ್ಮಾ ಮಾಡಿಸಿದೆ. ಅದನ್ನೇ ಹಾಕಿಕೊಂಡು ತರಗತಿಗೆ ಹೋಗಿ, ಹಲಗೆಯ ಮೇಲೆ ಕೋನ ಬರೆದು, ತಪ್ಪು ನನ್ನದೇ, ಈರಪ್ಪನವರು ಅಪ್ಪಟ ಪ್ರಾಮಾಣಿಕರು ಎಂದು ಗಟ್ಟಿಯಾಗಿ ಸಾರಿದೆ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ನನ್ನ ಮುಖವನ್ನೇ ನೋಡುತ್ತ ಎದ್ದು ನಿಂತಳು.

"ಸರ್, ಆ ಚಸ್ಮಾ ಅವರು ನಿಮಗ ಪುಕ್ಕಟ ಕೊಟ್ಟಾರೇನ್ರಿ?"

ಕೋನದ ಪಾಠ ಎಷ್ಟು ಜನರ ತಲೆಗೆ ಹೋಯಿತೋ ತಿಳಿಯದು. ನನ್ನ ಇನ್ನೊಂದು ಪಾಠ ಮಾತ್ರ ಇಡೀ ತರಗತಿಗೆ ಬಾಯಿಪಾಠವಾಗಿತ್ತು.