ಹನ್ನೆರಡನೇ ನಂಬರ್ ಮನೆಯ ಬಚ್ಚಲ ಬಾಗಿಲಿನ ಮೇಲೆ ದೂರು

ಮಾನ್ಯ ಬಚ್ಚಲ ಬಾಗಿಲಿನವರೇ,

ಮೂರನೇ ಮಹಡಿಯ ಹನ್ನೆರಡನೇ ನಂಬರ್ ಮನೆಯಲ್ಲಿ ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಕೀಲು, ಚಿಲಕ, ಹಿಡಿಕೆಗಳೂ ನೀರು ಕುಡಿದು ಉಬ್ಬಿರುವ ಕೆಳಗಿನ ಅಂಚೂ ಸೌಖ್ಯವೆಂದೂ ನಂಬಿ, ಅದೇ ಕಟ್ಟಡದ ನೆಲಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಾನು ಸವಿನಯವಾಗಿ ಬರೆದುಕೊಳ್ಳುವುದೇನೆಂದರೆ, ನನಗೆ ತಮ್ಮ ಮೇಲೆ ಒಂದು ದೂರಿದೆ. ನಿಯಮದಂತೆ ಇದನ್ನು ಕಟ್ಟಡದ ಸಂಘದ ಕಾರ್ಯದರ್ಶಿಯವರಿಗೆ ಕೊಡಬೇಕಿತ್ತು. ಆದರೆ ಕಾರ್ಯದರ್ಶಿಯವರು ತಮ್ಮದೇ ಮನೆಯ ಯಜಮಾನರಾದ್ದರಿಂದ, ಎಲ್ಲಿ ಪಕ್ಷಪಾತ ಮಾಡುತ್ತಾರೋ ಎಂಬ ಅಳುಕಿನಿಂದ ನೇರವಾಗಿ ತಮಗೇ ಬರೆದು, ಒಂದು ಪ್ರತಿಯನ್ನು ಮೆಟ್ಟಿಲ ಬಳಿಯ ಸೂಚನಾ ಫಲಕಕ್ಕೆ ಅಂಟಿಸಿದ್ದೇನೆ. ನಿವಾಸಿಗಳು ಗದ್ದಲ ಮಾಡದೆ ಸಭ್ಯರಾಗಿ ಬಾಳಬೇಕೆಂದು ಅವರು ಹಾಕಿರುವ ನೋಟಿಸಿನ ಪಕ್ಕದಲ್ಲೇ ಜಾಗ ಸಿಕ್ಕಿತು.

ದೂರು ಹೀಗಿದೆ. ತಮ್ಮ ಯಜಮಾನರ ಹೆಂಡತಿ, ಶಾಲೆಯಲ್ಲಿ ಗಣಿತ ಹೇಳಿಕೊಡುವ, ನಾವೆಲ್ಲ ಲೆಕ್ಕದ ಮೇಡಂ ಎಂದು ಕರೆಯುವ ಹೆಂಗಸು, ಕಳೆದ ಒಂದು ವರ್ಷದಲ್ಲಿ ಏಳು ಸಲ ತಮ್ಮಿಂದ ಪೆಟ್ಟು ತಿಂದಿದ್ದಾರೆ. ತೋಳಿನ ಅಳತೆ ತೆಗೆಯುವಾಗ ಗುರುತು ಕಂಡು ನಾನು ಕೇಳಿದಾಗಲೆಲ್ಲ, ಬಚ್ಚಲ ಬಾಗಿಲು ಬಡಿಯಿತು ಎಂದೇ ಹೇಳಿದ್ದಾರೆ. ತಮ್ಮ ಪ್ರತಿಭೆಯನ್ನು ನಾನು ಮೆಚ್ಚದೆ ಇರಲಾರೆ. ನನ್ನ ಅಂಗಡಿಯ ಬಾಗಿಲು ಬಡಿದರೆ ಒಂದು ಉದ್ದನೆಯ ಗೀರು ಬೀಳುತ್ತದೆ, ಅಷ್ಟೇ. ತಾವಾದರೋ ಹಲಗೆಯ ದೇಹ ಇಟ್ಟುಕೊಂಡೂ ತೋಳಿನ ಮೇಲೆ ನಾಲ್ಕು ಬೆರಳು, ಎದುರಿಗೆ ಒಂದು ಹೆಬ್ಬೆರಳು, ಹೀಗೆ ಅಚ್ಚುಕಟ್ಟಾಗಿ ಮೂಡಿಸುತ್ತೀರಿ. ತಾವು ಕೆಲಸ ಮಾಡುವುದು ರಜಾದಿನಗಳಲ್ಲಿ ಮಾತ್ರ, ಅದೂ ಉದ್ದ ತೋಳಿನ ಅಂಗಿ ಮುಚ್ಚಬಲ್ಲ ಜಾಗಗಳಲ್ಲಿ ಮಾತ್ರ. ಮೇಡಂ ಸುಡು ಬಿಸಿಲಿನಲ್ಲೂ ಮಣಿಕಟ್ಟು ಮುಚ್ಚುವ ತೋಳನ್ನೇ ಹೊಲಿಸುತ್ತಿದ್ದುದು ತಮ್ಮ ಗೌರವಾರ್ಥ. ತಮ್ಮ ಯಜಮಾನರು ಆರಡಿ ಎತ್ತರದ ಆಳು, ದಿನಕ್ಕೆ ಐದಾರು ಸಲ ತಮ್ಮನ್ನು ದಾಟಿ ಓಡಾಡುವವರು, ಅವರ ಮೈಮೇಲೆ ಮಾತ್ರ ಒಂದು ತರಚೂ ಇಲ್ಲ.

ತಮ್ಮ ಕಾರ್ಯವ್ಯಾಪ್ತಿ ಬಚ್ಚಲಿಗೇ ನಿಲ್ಲುವುದಿಲ್ಲವೆಂದೂ ಕೇಳಿದ್ದೇನೆ. ಮೇಡಂ ಅವರ ಫೋನನ್ನು ದಿನವೂ ತೆಗೆದು ಯಾರ ಜೊತೆ ಏನು ಮಾತಾಡಿದರೆಂದು ನೋಡುವುದು, ಸ್ವಂತ ತಂಗಿ ಮನೆಗೆ ಬರದಂತೆ ಮಾಡುವುದು, ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ತಡವಾದರೆ ಲೆಕ್ಕ ಕೇಳುವುದು, ಮರುದಿನ ಕ್ಷಮೆ ಕೇಳಿ ಕಣ್ಣೀರು ಹಾಕುವುದು, ಇಷ್ಟೆಲ್ಲ ಒಂದು ಬಾಗಿಲಿನಿಂದ ಆಗುತ್ತದೆಂದರೆ ತಮ್ಮನ್ನು ಬಚ್ಚಲಿಗೆ ಹಾಕಿದವರಿಗೆ ಬುದ್ಧಿಯಿಲ್ಲ ಎನ್ನಬೇಕು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆರು ಸಲ ನಾನು ನೋಡಿಕೊಂಡು ನಡೆಯಿರಿ ಮೇಡಂ ಎಂದು ಬುದ್ಧಿ ಹೇಳಿ ಕಳಿಸಿದವಳು. ಪರರ ಮನೆಯ ವಿಷಯ ನನಗೇಕೆ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಊರಿನವರ ಸೊಂಟದ ಸುತ್ತಳತೆಯನ್ನು ಗಟ್ಟಿಯಾಗಿ ಕೂಗಿ ಹೇಳುವವಳಿಗೆ ಅಷ್ಟು ಮರ್ಯಾದೆ ಎಲ್ಲಿಂದ ಬಂತೋ ಕಾಣೆ. ಏಳನೇ ಸಲ, ಭುಜದ ಅಳತೆಗೆಂದು ನಾನು ಟೇಪು ಎತ್ತಿದ ಕೂಡಲೇ ಅವರು ತಲೆ ತಗ್ಗಿಸಿ ಎರಡೂ ಕೈ ಅಡ್ಡ ಹಿಡಿದರು, ಆಮೇಲೆ ನನ್ನ ಟೇಪಿಗೆ ಸಾರಿ ಎಂದರು. ಮೂವತ್ತು ವರ್ಷ ಆ ಟೇಪನ್ನು ಕೊರಳಿಗೆ ಹಾಕಿಕೊಂಡವಳು ನಾನು. ಅವತ್ತು ಅದನ್ನು ಮೇಜಿನ ಮೇಲಿಟ್ಟು ಕೂತುಬಿಟ್ಟೆ, ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ, ತಮ್ಮ ಯಜಮಾನರು ಕಚೇರಿಗೆ ಹೋದ ಮೇಲೆ, ಶಾಲೆಗೆ ಓಡುತ್ತಿದ್ದ ಮೇಡಂ ಅವರಿಂದ ಮೆಟ್ಟಿಲಲ್ಲೇ ಅರೆಮಾತಿನಲ್ಲಿ ಒಪ್ಪಿಗೆಯೂ ಬೀಗದ ಕೈಯೂ ಪಡೆದು ಪಕ್ಕದ ಅಂಗಡಿಯ ಬಡಗಿಯಣ್ಣನನ್ನು ತಮ್ಮ ಬಳಿಗೆ ಕಳಿಸಿದೆ. ತಮ್ಮ ಕ್ರೂರ ಅಂಚನ್ನು ಒಂದಷ್ಟು ಹೆರೆದು ಬಾ ಎಂದಿದ್ದೆ. ಅವನು ಉಪಕರಣದ ಚೀಲ ಬಿಚ್ಚದೆ, ನನಗೆ ತೋರಿಸಲೆಂದು ಫೋನಿನಲ್ಲಿ ಫೋಟೋ ಮಾತ್ರ ತೆಗೆದುಕೊಂಡು ಇಳಿದು ಬಂದು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ: ಅಕ್ಕಾ, ಆ ಬಾಗಿಲು ಒಳಗಡೆ ತೆಗೆಯೋದು, ಹೊರಗಿದ್ದೋರಿಗೆ ಹೊಡೀಬೇಕು ಅಂದ್ರೂ ಅದಕ್ಕೆ ಆಗಲ್ಲ, ಒಳಗಿನ ಚಿಲಕ ಮೂರು ಸಲ ಕಿತ್ತು ಬಂದಿದೆ, ಹೊರಗಡೆ ಮೊಣಕಾಲೆತ್ತರಕ್ಕೆ ಬೂಟಿನ ಗುರುತಿದೆ, ಪಾಪ ಅದರದ್ದೇನೂ ತಪ್ಪಿಲ್ಲ.

ಮಾನ್ಯರೇ, ನಾನು ತಮ್ಮ ಮೇಲಿನ ದೂರನ್ನು ಇಲ್ಲಿಂದಲೇ ಹಿಂದಕ್ಕೆ ಪಡೆಯುತ್ತೇನೆ. ಆ ಮನೆಯಲ್ಲಿ ಮೇಡಂ ಪರವಾಗಿ ನಿಂತಿದ್ದವರು ತಾವೊಬ್ಬರೇ. ಅವರು ಒಳಗೆ ಹೋಗಿ ಚಿಲಕ ಹಾಕಿಕೊಂಡಾಗ ಹೊರಗಿನ ಬೂಟುಗಳನ್ನು ಮೈಮೇಲೆ ತೆಗೆದುಕೊಂಡವರು ತಾವು, ಹೊರಗೆ ಬಂದ ಮೇಲೆ ಹೆಸರು ಕೆಡಿಸಿಕೊಂಡವರೂ ತಾವು.

ಮುಂದಿನದು ತಮಗೆ ಒಳಗಿನಿಂದ ಕಂಡಿರಲಾರದು, ಆದ್ದರಿಂದ ತಿಳಿಸುತ್ತೇನೆ. ಇಂಥವರಿಗೆಂದೇ ಇರುವ ಸಹಾಯವಾಣಿಗೆ ನಾನೇ ಮೊದಲು ಫೋನು ಮಾಡಿದೆ. ಅಲ್ಲಿ ಫೋನೆತ್ತಿದ ಹೆಣ್ಣುಮಗಳು ಬಹಳ ಸಮಾಧಾನದಿಂದ, ಅವರೊಬ್ಬರೇ ಇದ್ದಾಗ ಕೇಳಿ, ಹೇಳಿದ್ದನ್ನು ನಂಬಿ, ತಪ್ಪು ಅವರದಲ್ಲ ಎಂದು ಹೇಳಿ, ಬಿಟ್ಟು ಬಾ ಎಂದು ಒತ್ತಾಯ ಮಾಡಬೇಡಿ, ಯಾವಾಗ ಏನು ಎನ್ನುವುದನ್ನು ಅವರೇ ನಿರ್ಧರಿಸಲಿ, ಗಂಡನೆದುರು ತುಟಿ ಬಿಚ್ಚಬೇಡಿ ಎಂದರು. ಕೊನೆಯದು ನನಗೆ ಕತ್ತರಿಯಿಲ್ಲದೆ ಬಟ್ಟೆ ಕತ್ತರಿಸಿದಷ್ಟು ಕಷ್ಟ, ಆದರೂ ಹಲ್ಲು ಕಚ್ಚಿಕೊಂಡೆ. ತೊಡಕಿದ್ದದ್ದು ಮೊದಲನೆಯದರಲ್ಲಿ. ತಮ್ಮ ಯಜಮಾನರು ಪ್ರತಿ ಸಲವೂ ಹೆಂಡತಿಯ ಜೊತೆಗೇ ಬಂದು, ಅಳತೆಯ ಪರದೆಯ ಆಚೆ ಮಾತು ಕೇಳುವಷ್ಟು ಹತ್ತಿರದಲ್ಲಿ ನನ್ನ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದರು. ಆ ಸಲ ಬಟ್ಟೆ ತೆಗೆದುಕೊಳ್ಳಲು ಬಂದಾಗ ನಾನು, ಇನ್ನೂ ಆಗಿಲ್ಲ, ನಾಳೆ ಬನ್ನಿ ಎಂದೆ. ನಾಳೆಯೂ ಬಂದರು, ನಾಳೆ ಬನ್ನಿ ಎಂದೆ. ಮೂರನೆಯ ದಿನ ಅವರಿಗೆ ರೋಸಿಹೋಗಿ, ನೀನೇ ಹೋಗಿ ಬಾ ಎಂದು ಮೇಡಂ ಒಬ್ಬರನ್ನೇ ಕಳಿಸಿದರು. ಆಮೇಲೆ ಹದಿಮೂರು ದಿನ ನಾನು ಗುಂಡಿ ಸಿಕ್ಕಿಲ್ಲ, ದಾರ ಹೊಂದಿಲ್ಲ, ಮಿಷನ್ನಿನ ಸೂಜಿ ಮುರಿಯಿತು ಎಂದೆಲ್ಲ ಹೇಳಿ ಕಳಿಸಿದೆ, ತಮ್ಮ ಯಜಮಾನರು ಒಂದನ್ನೂ ಅನುಮಾನಿಸಲಿಲ್ಲ. ಸುಳ್ಳು ಹೇಳುವ ಟೈಲರಿನ ಮೇಲೆ ಜಗತ್ತಿಗೆ ಅಷ್ಟು ನಂಬಿಕೆ.

ಆ ಹದಿಮೂರು ದಿನಗಳ ಹತ್ತು ಹತ್ತು ನಿಮಿಷದಲ್ಲಿ ಮೇಡಂ ಮಾತಾಡಿದರು. ಮೊದಲ ಐದು ದಿನ ಬರೀ ಗುಂಡಿಯ ಬಗ್ಗೆ, ಆರನೆಯ ದಿನ ಎಲ್ಲವನ್ನೂ. ನನ್ನ ಅಂಗಡಿಯ ಫೋನಿನಿಂದಲೇ ಸಹಾಯವಾಣಿಗೆ ಮಾತಾಡಿದರು. ಬೇಕಾದಾಗ ಇರಲೆಂದು ಆ ನಂಬರನ್ನು ಅವರ ಹಳೆಯದೊಂದು ಅಂಗಿಯ ಒಳಗೆ, ತಣ್ಣೀರಿನಲ್ಲಿ ಒಗೆಯಿರಿ ಎಂದು ಬರೆದಿರುವ ಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ ಹೊಲಿದುಕೊಟ್ಟೆ. ತಮ್ಮ ಯಜಮಾನರು ಫೋನು, ಚೀಲ, ಪುಸ್ತಕ ಎಲ್ಲ ಜಾಲಾಡಬಲ್ಲವರು, ಆದರೆ ಹುಟ್ಟಿದಾಗಿನಿಂದ ಒಂದು ಬಟ್ಟೆ ಒಗೆದವರಲ್ಲ, ಆ ಪಟ್ಟಿ ಅವರ ಕಣ್ಣಿಗೆ ಬೀಳುವ ಭಯವೇ ಇರಲಿಲ್ಲ. ಮೇಡಂ ದಿನಕ್ಕೊಂದರಂತೆ ತಂದ ಪದವಿ ಪತ್ರ, ಆಧಾರ್ ಕಾರ್ಡು, ಎರಡು ಜೊತೆ ಬಟ್ಟೆ, ವರ್ಷಗಟ್ಟಲೆ ಯಾರೂ ಕೈಹಾಕದ ಆಲ್ಟರೇಷನ್ನಿಗೆ ಬಂದ ಬಟ್ಟೆಗಳ ನನ್ನ ಕಪಾಟಿನಲ್ಲಿ ಬೆಚ್ಚಗಿದ್ದವು. ಹದಿನಾಲ್ಕನೇ ದಿನ ಶಾಲೆಯಿಂದಲೇ, ಸಹಾಯ ಕೇಂದ್ರದ ಇಬ್ಬರು ಹೆಂಗಸರ ಜೊತೆ ಅವರು ಹೋದರು. ಈಗ ಕ್ಷೇಮವಾಗಿದ್ದಾರೆ, ಎಲ್ಲಿ ಎಂದು ಫಲಕಕ್ಕೆ ಅಂಟಿಸುವ ಕಾಗದದಲ್ಲಿ ಬರೆಯಲಾರೆ, ನ್ಯಾಯಾಲಯದಿಂದ ರಕ್ಷಣೆಯ ಆದೇಶವೂ ಸಿಕ್ಕಿದೆ. ಈ ಪತ್ರವನ್ನು ಅವರಿಗೆ ಓದಿ ಹೇಳಿ, ಹಾಕಿ ಎಂದು ಅವರು ಹೇಳಿದ ಮೇಲೆಯೇ ಹಾಕಿದ್ದೇನೆ. ಹನ್ನೆರಡು ದಿನ ಎಂದು ಬರೆದಿದ್ದೆ, ಹದಿಮೂರು ಎಂದು ಅವರೇ ತಿದ್ದಿಸಿದರು.

ಇನ್ನು ತಮ್ಮಲ್ಲಿ ಕೆಲವು ಬೇಡಿಕೆಗಳು. ದಯಮಾಡಿ ಮುಂದಿನ ಚುನಾವಣೆಯಲ್ಲಿ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ತಾವೇ ನಿಲ್ಲಬೇಕು, ಮಾತು ಕಡಿಮೆ, ತಡೆಯುವ ಶಕ್ತಿ ಹೆಚ್ಚು. ನ್ಯಾಯಾಲಯಕ್ಕೆ ಸಾಕ್ಷಿ ಹೇಳಲು ತಾವು ಖುದ್ದಾಗಿ ನಡೆದು ಬರಬೇಕು. ಆಗದಿದ್ದರೆ ಬಡಗಿಯಣ್ಣ ತೆಗೆದ ಫೋಟೋಗಳು ಸಾಕೆಂದು ವಕೀಲರು ಹೇಳಿದ್ದಾರೆ. ತಮ್ಮ ಯಜಮಾನರು ಎದುರಿಗೆ ನಿಂತಾಗ ಒಂದೇ ಒಂದು ಸಲ ಹೊರಕ್ಕೆ ತೆರೆದುಕೊಳ್ಳಿ ಎಂದು ಕೇಳುವವಳಿದ್ದೆ. ಬೇಡ, ಆ ಮನೆಯಲ್ಲಿ ಹೊಡೆದದ್ದು ಸಾಕು.

ಹಿಂದೆ ತಮ್ಮ ಮೇಲೆ ಅನುಮಾನಪಟ್ಟು, ಈಗ ತಮ್ಮ ಕಡೆಗೆ ತಲೆ ಎತ್ತಿ ನೋಡಲು ಸಂಕೋಚಪಡುವ,

ತಮ್ಮ ವಿಶ್ವಾಸಿ,
ನೆಲಮಹಡಿಯ ಟೈಲರಮ್ಮ

ತಾ.ಕ.: ತಮ್ಮ ಯಜಮಾನರು ನಿನ್ನೆ ಅಂಗಡಿಗೆ ಬಂದಿದ್ದರು. ಸ್ಟೂಲಿನ ಮೇಲೆ ಕೂರಲಿಲ್ಲ. ಹೆಂಡತಿ ಎಲ್ಲಿದ್ದಾಳೆಂದು ನನಗೆ ಗೊತ್ತಿರಲೇಬೇಕು, ಹೇಳಿ ಎಂದರು. ಮೂವತ್ತು ವರ್ಷದಿಂದ ದಿನವೂ ಹೇಳುತ್ತಿರುವ ಮಾತನ್ನೇ ಅವರಿಗೂ ವಿನಯದಿಂದ ಹೇಳಿದೆ: ನಾಳೆ ಬನ್ನಿ.